ಎರಡನೇ ಪ್ರತಿ ಎಲ್ಲಿದೆ?

ಕಂಪ್ಯೂಟರಿನ ‘ಫೈಲ್’ ಅನ್ನುವುದಕ್ಕೆ ನಾವು ಕನ್ನಡದಲ್ಲಿ ‘ಕಡತ’ ಅಂತ ಬರೆಯುತ್ತೇವೆ. ಸರ್ಕಾರಿ ಕಚೇರಿಯ ಕಾಗದದ ಕಟ್ಟಿಗೂ ಅದೇ ಹೆಸರು. ಆದರೆ ಮೂಲದಲ್ಲಿ ಕಡತ ಅಂದರೆ ಕಾಗದವೂ ಅಲ್ಲ, ಕಂಪ್ಯೂಟರಂತೂ ಅಲ್ಲವೇ ಅಲ್ಲ. ಅದು ಬಟ್ಟೆ! ಉದ್ದನೆಯ ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಪುಡಿ ಕಲಸಿ ಬಳಿದು, ಒಣಗಿಸಿ, ಹಿಂದಕ್ಕೂ ಮುಂದಕ್ಕೂ ಮಡಿಚಿದರೆ ಕರಿಹಲಗೆಯಂಥ ಒಂದು ಪುಸ್ತಕ. ಅದರ ಮೇಲೆ ಬಳಪದಲ್ಲಿ ಬರೆಯುವುದು. ನಮ್ಮ ಕಡೆಯ ವರ್ತಕರು, ಮಠಗಳವರು ಲೆಕ್ಕ ಇಟ್ಟಿದ್ದು ಇದರಲ್ಲಿ. ಶೃಂಗೇರಿ ಮಠದ ಕಡತಗಳು ಇತಿಹಾಸ ಬರೆಯುವವರಿಗೆ ದೊಡ್ಡ ಆಕರ.

ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್, 1810ರಲ್ಲಿ ಬಂದ ತನ್ನ ದಕ್ಷಿಣ ಭಾರತದ ಇತಿಹಾಸದಲ್ಲಿ ಈ ಕಡತದ ಬಗ್ಗೆ ಬರೆದಿದ್ದಾನೆ. ಸ್ಲೇಟಿನ ಹಾಗೆ ಇದನ್ನು ಒರೆಸಿ ಮತ್ತೆ ಬರೆಯಬಹುದು ಅನ್ನುವುದನ್ನೂ ಗಮನಿಸಿದ್ದಾನೆ. ಅಂದರೆ ನೋಡಿ, ನಮ್ಮ ಹಾರ್ಡ್ ಡಿಸ್ಕಿನ ಗುಣವೂ ಅದೇ, ದೋಷವೂ ಅದೇ. ಬರೆಯುವುದು ಸುಲಭ, ಅಳಿಸುವುದು ಇನ್ನೂ ಸುಲಭ. ಗೊತ್ತಿಲ್ಲದೆಯೇ ನಮ್ಮವರು ಬಹಳ ಸರಿಯಾದ ಪದವನ್ನೇ ಕಂಪ್ಯೂಟರಿಗೆ ಕೊಟ್ಟಿದ್ದಾರೆ :)

ಇವತ್ತು ಬರೆಯಹೊರಟಿದ್ದು ಈ ಅಳಿಸಿಹೋಗುವ ಲೆಕ್ಕದ ಕಥೆಯನ್ನು. ದೊಡ್ಡ ಬ್ಯಾಂಕು, ದೊಡ್ಡ ಕಂಪನಿಗಳ ಕಥೆ ಎಲ್ಲರೂ ಬರೆಯುತ್ತಾರೆ. ನನಗೆ ಆಸಕ್ತಿ ಇರುವುದು ಸಣ್ಣ ಅಂಗಡಿ, ಸಣ್ಣ ಮಂಡಿ, ಸಣ್ಣ ಕಚೇರಿಗಳ ಮೇಲೆ. ಕೆಲವು ವರ್ಷ ಇಂಥ ಕಡೆಗಳಲ್ಲಿ ಕಂಪ್ಯೂಟರು ರಿಪೇರಿ ಮಾಡಿಕೊಂಡು ಓಡಾಡಿದವನು ನಾನು. ಆಗ ಕಂಡದ್ದಕ್ಕೆಲ್ಲ ಒಂದು ಹಳೆಯ ಇತಿಹಾಸ ಇದೆ ಅಂತ ಆಮೇಲೆ ಓದುತ್ತಾ ಹೋದಾಗ ಗೊತ್ತಾಯಿತು.

ಸಣ್ಣ ವ್ಯಾಪಾರಿಯ ಬಂಡವಾಳ ಎಲ್ಲಿರುತ್ತದೆ? ಗಲ್ಲಾಪೆಟ್ಟಿಗೆಯಲ್ಲಿ, ಗೋದಾಮಿನಲ್ಲಿ ಅಂತ ನಾವಂದುಕೊಳ್ಳುತ್ತೇವೆ. ನನ್ನನ್ನು ಕೇಳಿದರೆ ಅದರ ದೊಡ್ಡ ಪಾಲು ಇರುವುದು ಉದ್ರಿ ಪುಸ್ತಕದಲ್ಲಿ. ಯಾರು ಎಷ್ಟು ಒಯ್ದಿದ್ದಾರೆ, ಎಷ್ಟು ಕೊಟ್ಟಿದ್ದಾರೆ, ಸುಗ್ಗಿಯಾದ ಮೇಲೆ ಕೊಡುತ್ತೇನೆ ಅಂದವರು ಯಾರು... ಸರಕು ಸುಟ್ಟುಹೋದರೆ ವಿಮೆಯವರನ್ನಾದರೂ ಕೇಳಬಹುದು. ಬಾಕಿಯ ಲೆಕ್ಕವೇ ಹೋದರೆ ಯಾರನ್ನು ಕೇಳುವುದು? ಸಾಲಗಾರನ ಮನೆಗೇ ಹೋಗಿ ‘ನೀನು ನನಗೆ ಎಷ್ಟು ಕೊಡಬೇಕಪ್ಪಾ?’ ಅಂತ ಕೇಳಬೇಕು, ಅಷ್ಟೇ.

ಈ ಪುಸ್ತಕಕ್ಕೆ ಕಾನೂನಿನಲ್ಲೂ ಬೆಲೆ ಇದೆ. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 34ನೇ ಕಲಮು, ಕ್ರಮವಾಗಿ ಬರೆದುಕೊಂಡು ಬಂದ ಲೆಕ್ಕದ ಪುಸ್ತಕವನ್ನು ಸಾಕ್ಷ್ಯವಾಗಿ ಒಪ್ಪಿಕೊಂಡಿತ್ತು. ಆದರೆ ಅದೊಂದೇ ಆಧಾರದ ಮೇಲೆ ಯಾರ ತಲೆಗೂ ಸಾಲ ಕಟ್ಟುವಂತಿಲ್ಲ ಅಂತಲೂ ಹೇಳಿತ್ತು. ಆ ಕಾಯ್ದೆ ಹೋಗಿ 2023ರ ಹೊಸ ಸಾಕ್ಷ್ಯ ಕಾಯ್ದೆ ಬಂದ ಮೇಲೂ ಈ ನಿಯಮ ಉಳಿದುಕೊಂಡಿದೆ. ಪುಸ್ತಕವೊಂದೇ ಸಾಲದು ಅನ್ನುವಾಗ, ಪುಸ್ತಕವೇ ಇಲ್ಲದವನ ಪಾಡು ಹೇಗಿರಬೇಡ!

* * *

ಅದೇ 1872ರಲ್ಲಿ, ಭೂಮಿಯ ಇನ್ನೊಂದು ಬದಿಯಲ್ಲಿ ಇನ್ನೊಂದು ಕಾಯ್ದೆ ಬಂತು. ಅದರ ಹೆಸರೇ ‘ಸುಟ್ಟ ದಾಖಲೆಗಳ ಕಾಯ್ದೆ’. ಅಮೆರಿಕದ ಇಲಿನಾಯ್ ರಾಜ್ಯದ್ದು.

ಹಿಂದಿನ ವರ್ಷ, 1871ರ ಅಕ್ಟೋಬರ್ 8ರ ರಾತ್ರಿ ಷಿಕಾಗೊ ನಗರಕ್ಕೆ ಬೆಂಕಿ ಬಿತ್ತು. ಎರಡು ದಿನ ಉರಿಯಿತು. ಸುಮಾರು 300 ಜನ ಸತ್ತರು, ಒಂದು ಲಕ್ಷದಷ್ಟು ಜನ ಮನೆ ಕಳೆದುಕೊಂಡರು. ಸುಟ್ಟ ಕಟ್ಟಡಗಳಲ್ಲಿ ಕೋರ್ಟ್ ಹೌಸ್ ಕೂಡ ಒಂದು. ಜಮೀನು, ನಿವೇಶನ, ಮನೆಗಳ ನೋಂದಣಿ ದಾಖಲೆ ಎಲ್ಲ ಇದ್ದದ್ದು ಅಲ್ಲಿಯೇ. ನಮ್ಮಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯೂ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯೂ ಒಂದೇ ರಾತ್ರಿ ಬೂದಿಯಾದರೆ ಏನಾಗಬಹುದು ಯೋಚಿಸಿ. ಊರು ಸುಟ್ಟಿದ್ದು ಒಂದು ಕಷ್ಟ, ಸುಟ್ಟ ಜಾಗ ಯಾರದು ಅಂತ ಹೇಳಲಾಗದ್ದು ಇನ್ನೊಂದು ಕಷ್ಟ.

ಆಗ ಊರನ್ನು ಉಳಿಸಿದ್ದು ಸರ್ಕಾರವಲ್ಲ, ಮೂರು ಖಾಸಗಿ ಅಂಗಡಿಗಳು. ಚೇಸ್ ಬ್ರದರ್ಸ್, ಶಾರ್ಟಾಲ್ ಅಂಡ್ ಹೋರ್ಡ್, ಜೋನ್ಸ್ ಅಂಡ್ ಸೆಲ್ಲರ್ಸ್. ನೋಂದಣಿ ಪುಸ್ತಕಗಳನ್ನು ನೋಡಿ ಸಾರಾಂಶ ಬರೆದಿಟ್ಟುಕೊಂಡು, ಜಮೀನು ಕೊಳ್ಳುವವರಿಗೆ ‘ಈ ಜಾಗದ ಹಿಂದಿನ ಮಾಲೀಕರು ಇಂಥವರು’ ಅಂತ ಬರೆದುಕೊಡುವುದು ಇವರ ಕಸುಬು. ಬೆಂಕಿ ಹತ್ತಿರ ಬಂದಾಗ ಮೂವರೂ ತಮ್ಮ ತಮ್ಮ ಪುಸ್ತಕಗಳನ್ನು ಕೈಲಾದಷ್ಟು ಸಾಗಿಸಿದರು. ಶಾರ್ಟಾಲ್ ಬೀದಿಯಲ್ಲಿ ಹೋಗುತ್ತಿದ್ದ ಗಾಡಿಯನ್ನು ತಡೆದು ಪುಸ್ತಕ ಹೇರಿಸಿದನಂತೆ. ಯಾರೊಬ್ಬರ ಪುಸ್ತಕವೂ ಪೂರ್ತಿ ಉಳಿಯಲಿಲ್ಲ. ಆದರೆ ಮೂವರದ್ದನ್ನೂ ಸೇರಿಸಿದರೆ ಪೂರ್ತಿ ಲೆಕ್ಕ ಸಿಕ್ಕಿತು. ಆ ಪುಸ್ತಕಗಳನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಒಪ್ಪುವುದಕ್ಕೆ ದಾರಿ ಮಾಡಿಕೊಟ್ಟಿದ್ದೇ ಆ ಸುಟ್ಟ ದಾಖಲೆಗಳ ಕಾಯ್ದೆ.

ಇದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದು: ಆ ಮೂವರು ‘ಬ್ಯಾಕಪ್’ ಮಾಡಲು ಕೂತವರಲ್ಲ. ತಮ್ಮ ಹೊಟ್ಟೆಪಾಡಿಗೆ ನಕಲು ಬರೆದುಕೊಂಡವರು. ಮೂಲ ಒಂದು ಕಟ್ಟಡದಲ್ಲಿ, ನಕಲು ಬೇರೆ ಕಡೆ ಮೂರು ಕೈಗಳಲ್ಲಿ ಇತ್ತು. ಊರಿಗೆ ಊರೇ ಹೊತ್ತಿಕೊಂಡಾಗ ಉಳಿಸಿದ್ದು ಆ ಹಂಚಿಕೆ, ಮತ್ತು ಒಂದು ಗಾಡಿ.

ಹಾಗಾದರೆ ತಿಜೋರಿ ಇಟ್ಟುಕೊಂಡರೆ ಸಾಲದೇ? 1906ರ ಏಪ್ರಿಲ್ 18ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಭೂಕಂಪ ಆಗಿ, ಹಿಂದೆಯೇ ಬೆಂಕಿ ಎದ್ದಾಗ ಬ್ಯಾಂಕುಗಳ ಉಕ್ಕಿನ ಕೋಣೆಗಳು ಗಟ್ಟಿಯಾಗಿಯೇ ನಿಂತವು. ಆದರೆ ಒಳಗೆ ಎಷ್ಟು ಕಾವು ಏರಿತ್ತೆಂದರೆ, ಬಾಗಿಲು ತೆಗೆದು ಗಾಳಿ ಒಳಗೆ ಹೋದ ತಕ್ಷಣ ನೋಟು, ಪುಸ್ತಕ ಎಲ್ಲ ಭಗ್ಗನೆ ಹೊತ್ತಿಕೊಳ್ಳುವ ಅಪಾಯ. ಹಾಗಾಗಿ ತಿಜೋರಿ ತಣ್ಣಗಾಗುವವರೆಗೆ ಎಷ್ಟೋ ದಿನ ಬ್ಯಾಂಕುಗಳು ಕಾಯಬೇಕಾಯಿತು. ತಿಜೋರಿ ಕಳ್ಳನಿಂದ ಕಾಪಾಡುತ್ತದೆ, ಬೆಂಕಿಯಿಂದಲೂ ಒಂದಿಷ್ಟು ಕಾಪಾಡುತ್ತದೆ. ಆದರೆ ಅದು ಬೇರೆ ಊರಲ್ಲ.

‘ಬೇರೆ ಊರು’ ಅನ್ನುವುದನ್ನೇ ಒಂದು ವ್ಯಾಪಾರ ಮಾಡಿದವನು ಹರ್ಮನ್ ನಾಸ್ಟ್. ಇವನು ಅಣಬೆ ಬೆಳೆಗಾರ! ಅಣಬೆ ಬೆಳೆಸಲಿಕ್ಕೆ ತಂಪು ಕತ್ತಲೆ ಜಾಗ ಬೇಕು ಅಂತ 1936ರಲ್ಲಿ ನ್ಯೂಯಾರ್ಕ್ ರಾಜ್ಯದ ಲಿವಿಂಗ್‌ಸ್ಟನ್ ಹತ್ತಿರ ಬರಿದಾದ ಕಬ್ಬಿಣದ ಗಣಿಯೊಂದನ್ನು 9,000 ಡಾಲರಿಗೆ ಕೊಂಡ. ಮುಂದೆ ಅಣಬೆ ವ್ಯಾಪಾರ ಸೊರಗಿತು, ಅಣುಬಾಂಬಿನ ಭಯ ಬೆಳೆಯಿತು. 1951ರಲ್ಲಿ ಅದೇ ಗಣಿಯನ್ನು ದಾಖಲೆ ಇಡುವ ಗೋದಾಮು ಮಾಡಿ ‘ಐರನ್ ಮೌಂಟನ್’ ಅಂತ ಹೆಸರಿಟ್ಟ. ಮೊದಲ ಗಿರಾಕಿ ಒಂದು ಉಳಿತಾಯ ಬ್ಯಾಂಕು. ಖಾತೆದಾರರ ಲೆಕ್ಕದ ಮೈಕ್ರೋಫಿಲ್ಮನ್ನೂ ಸಹಿ ಚೀಟಿಗಳ ನಕಲನ್ನೂ ಗಣಿಗೆ ಕಳಿಸಿತು. ಇವತ್ತು ಆ ಕಂಪನಿ ಜಗತ್ತಿನಾದ್ಯಂತ ಇದೆ. ಅಣಬೆಯಿಂದ ಕಡತಕ್ಕೆ :)

ಇಷ್ಟೆಲ್ಲ ದೊಡ್ಡವರಿಗಾಯಿತು. ಸಣ್ಣವರಿಗೆ ಗಣಿ ಎಲ್ಲಿಂದ ತರುವುದು?

* * *

1983ರ ಮಾರ್ಚಿನಲ್ಲಿ ಐಬಿಎಂ ಪಿಸಿ ಎಕ್ಸ್‌ಟಿ ಬಂತು. ಒಳಗೇ 10 ಎಂಬಿ ಹಾರ್ಡ್ ಡಿಸ್ಕ್. ಅದರ ಜತೆ ಬಂದ ಡಾಸ್ 2.0ರಲ್ಲಿ ‘ಬ್ಯಾಕಪ್’, ‘ರಿಸ್ಟೋರ್’ ಅನ್ನುವ ಎರಡು ಆಜ್ಞೆಗಳಿದ್ದವು. ಅಂದರೆ ಹಾರ್ಡ್ ಡಿಸ್ಕ್ ಕೊಡುವಾಗಲೇ ‘ಇದು ಕೈಕೊಡುತ್ತದೆ, ನಕಲು ಇಟ್ಟುಕೊಳ್ಳಿ’ ಅಂತ ಹೇಳಿಯೇ ಕೊಟ್ಟಿದ್ದರು. ಆದರೆ ಆ ಕಾಲದ ಫ್ಲಾಪಿ 360 ಕೆಬಿಯದು. ತುಂಬಿದ ಡಿಸ್ಕನ್ನು ನಕಲು ಮಾಡಲು ಸುಮಾರು 30 ಫ್ಲಾಪಿ ಬೇಕು. ಒಂದೊಂದಾಗಿ ಹಾಕಿ, ತೆಗೆದು, ಮೇಲೆ ನಂಬರು ಬರೆದು... ದಿನಾ ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಇದನ್ನು ಯಾರು ಮಾಡುತ್ತಾರೆ ಹೇಳಿ? ಸಣ್ಣ ವ್ಯಾಪಾರಿ ಬ್ಯಾಕಪ್ ಮಾಡದ್ದು ಸೋಮಾರಿತನದಿಂದ ಅಂತ ಬೈಯುವವರು ಈ 30 ಫ್ಲಾಪಿಗಳನ್ನು ನೆನಪಿಸಿಕೊಳ್ಳಬೇಕು.

ನಮ್ಮ ದೇಶದ ಅಂಗಡಿಗಳ ಲೆಕ್ಕ ಕಂಪ್ಯೂಟರಿಗೆ ಹತ್ತಿದ್ದರಲ್ಲಿ ಬೆಂಗಳೂರಿನ ಪಾತ್ರ ದೊಡ್ಡದು. ಶ್ಯಾಮ್ ಸುಂದರ್ ಗೋಯೆಂಕಾ ಗಿರಣಿಗಳಿಗೆ ಕಚ್ಚಾ ಸಾಮಗ್ರಿ, ಯಂತ್ರದ ಬಿಡಿಭಾಗ ಒದಗಿಸುವ ವ್ಯಾಪಾರದಲ್ಲಿದ್ದವರು. ತಮ್ಮ ಲೆಕ್ಕಕ್ಕೆ ಒಗ್ಗುವ ಸಾಫ್ಟ್‌ವೇರ್ ಸಿಗದೇ ಹೋದಾಗ ಮಗ ಭರತ್ ಗೋಯೆಂಕಾಗೆ ನೀನೇ ಬರೆ ಅಂದರು. 1986ರಲ್ಲಿ ಶುರುವಾದ ಆ ಕೆಲಸವೇ ಮುಂದೆ ‘ಟ್ಯಾಲಿ’ ಆಯಿತು. ಭರತ್ ಅವರಿಗೆ 2020ರಲ್ಲಿ ಪದ್ಮಶ್ರೀಯೂ ಬಂತು. ಕಿರ್ದಿ, ಖಾತೆ ಬರೆಯುತ್ತಿದ್ದ ಗುಮಾಸ್ತರು ನೋಡನೋಡುತ್ತಿದ್ದಂತೆ ಕೀಬೋರ್ಡ್ ಕುಟ್ಟತೊಡಗಿದರು. ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ಹೊಸ ಲೆಕ್ಕದ ಪುಸ್ತಕದ ಪಕ್ಕ ಮಾನಿಟರಿಗೂ ಕುಂಕುಮ ಬಿತ್ತು.

ಆದರೆ ಒಂದು ವಿಷಯ ಯಾರೂ ಗಮನಿಸಲಿಲ್ಲ. ಪುಸ್ತಕವಿದ್ದಾಗ ನಕಲು ತನ್ನಷ್ಟಕ್ಕೆ ಹುಟ್ಟುತ್ತಿತ್ತು. ಬಿಲ್ಲಿನ ಕೆಳಗೆ ಕಾರ್ಬನ್ ಹಾಳೆ, ಕಿರ್ದಿಯಲ್ಲಿ ಒಂದು ಸಲ, ಖಾತೆಯಲ್ಲಿ ಇನ್ನೊಂದು ಸಲ, ಗಿರಾಕಿಯ ಮನೆಯ ಚೀಟಿಯಲ್ಲಿ ಮತ್ತೊಂದು ಸಲ. ಷಿಕಾಗೊದ ಮೂವರ ಹಾಗೆಯೇ, ಬೇಕಂತಲೇ ಅಲ್ಲದಿದ್ದರೂ ಲೆಕ್ಕ ನಾಲ್ಕು ಕಡೆ ಹರಡಿರುತ್ತಿತ್ತು. ಕಂಪ್ಯೂಟರು ಬಂದು ಅದನ್ನೆಲ್ಲ ಒಂದೇ ಫೋಲ್ಡರಿಗೆ ತಂದಿತು. ಕೆಲಸ ಹಗುರಾಯಿತು, ಆದರೆ ಅಪಾಯವೂ ಅಲ್ಲೇ ಬಂದು ಕೂತಿತು.

ಒಂದು ಅಡಿಕೆ ಮಂಡಿಯಲ್ಲಿ ನಡೆದ ಮಾತು ಇದು. “ಯಜಮಾನ್ರೇ, ಬ್ಯಾಕಪ್ ತಗೋತೀರಾ?” ಅಂದೆ. “ಓ, ದಿನಾ ತಗೋತೀವಿ ಸಾರ್” ಅಂದರು ಹೆಮ್ಮೆಯಿಂದ. ಎಲ್ಲಿ ಅಂತ ನೋಡಿದರೆ ಸಿ ಡ್ರೈವಿನದ್ದು ಡಿ ಡ್ರೈವಿಗೆ ಹೋಗುತ್ತಿತ್ತು! ಎರಡೂ ಇದ್ದದ್ದು ಒಂದೇ ಡಿಸ್ಕಿನಲ್ಲಿ. ಒಂದೇ ಹಗೇವಿನಲ್ಲಿ ಎರಡು ಮೂಟೆ ಜೋಳ ಇಟ್ಟು, ಒಂದು ಕೆಟ್ಟರೆ ಇನ್ನೊಂದಿದೆ ಅಂದ ಹಾಗೆ. ಅವರ ತಪ್ಪಲ್ಲ, ಹಾಗೆ ಮಾಡಿಕೊಟ್ಟು ಹೋಗಿದ್ದವನು ಕಂಪ್ಯೂಟರು ಮಾರಿದವನು. ಇನ್ನೊಂದು ಬಟ್ಟೆ ಅಂಗಡಿಯಲ್ಲಿ ಪೆನ್‌ಡ್ರೈವು ದೇವರ ಪಟದ ಹಿಂದೆ ಇರುತ್ತಿತ್ತು. ಭಕ್ತಿ ದೊಡ್ಡದು, ಆದರೆ ಪಟವೂ ಕಂಪ್ಯೂಟರೂ ಒಂದೇ ಛಾವಣಿಯ ಕೆಳಗೆ.

* * *

ಆಮೇಲೆ ಒಂದೊಂದೇ ಪಾಠ ಬರತೊಡಗಿದವು.

1999ರ ಏಪ್ರಿಲ್ 26ರಂದು ತೈವಾನಿನ ಚೆನ್ ಇಂಗ್-ಹೌ ಬರೆದ ಸಿಐಎಚ್ ವೈರಸ್ ಎದ್ದಿತು. ಚೆರ್ನೋಬಿಲ್ ದುರಂತದ ದಿನವೇ ಆದ್ದರಿಂದ ಅದಕ್ಕೆ ಚೆರ್ನೋಬಿಲ್ ವೈರಸ್ ಅಂತಲೂ ಹೆಸರಾಯಿತು. ಅದು ಡಿಸ್ಕಿನ ಆರಂಭದ ಭಾಗವನ್ನು ಅಳಿಸಿ, ಸಾಧ್ಯವಾದರೆ ಮದರ್‌ಬೋರ್ಡಿನ ಬಯಾಸನ್ನೂ ಕೆಡಿಸುತ್ತಿತ್ತು. ಬೆಂಕಿಯೂ ಇಲ್ಲ, ನೀರೂ ಇಲ್ಲ, ಬೆಳಗ್ಗೆ ಸ್ವಿಚ್ ಹಾಕಿದರೆ ಲೆಕ್ಕವೂ ಇಲ್ಲ. ಡಿ ಡ್ರೈವಿನ ಬ್ಯಾಕಪ್ ಇಂಥ ದಿನ ಏನು ಮಾಡೀತು?

2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಸಣ್ಣ ಅಂಗಡಿ ಅಂದರೆ ನೆಲಮಹಡಿ. ಕಂಪ್ಯೂಟರಿನ ಪೆಟ್ಟಿಗೆ ಮೇಜಿನ ಕೆಳಗೆ. ನೀರು ಮೊದಲು ಮುಟ್ಟುವುದೇ ಅದನ್ನು. ಸಣ್ಣ ವ್ಯಾಪಾರಕ್ಕೆ ವಿಪತ್ತು ಬಂದಾಗ ಬಡವರ ಮನೆಗೆ ಬಂದ ಹಾಗೆ, ತಗ್ಗಿನಲ್ಲಿ ಇರುವವರಿಗೇ ಮೊದಲು.

2009ರ ಜನವರಿಯಲ್ಲಿ ನಮ್ಮಂಥ ಬ್ಲಾಗಿಗರಿಗೆ ಹತ್ತಿರದ ಒಂದು ಸಾವು. ಜರ್ನಲ್‌ಸ್ಪೇಸ್ ಅನ್ನುವ ಬ್ಲಾಗು ತಾಣ ಮುಚ್ಚಿಹೋಯಿತು. ನಡೆಸುತ್ತಿದ್ದುದು ಒಂದು ಸಣ್ಣ ಕಂಪನಿ. ಅವರ ಹತ್ತಿರ ಎರಡು ಡಿಸ್ಕ್ ಇದ್ದವು, ಒಂದರಲ್ಲಿ ಬರೆದದ್ದು ತಕ್ಷಣ ಇನ್ನೊಂದರಲ್ಲೂ ಬೀಳುತ್ತಿತ್ತು. ಅದನ್ನೇ ಬ್ಯಾಕಪ್ ಅಂತ ನಂಬಿದ್ದರು. ಒಂದರಲ್ಲಿ ಅಳಿಸಿದ್ದು ಇನ್ನೊಂದರಲ್ಲೂ ಅಷ್ಟೇ ನಿಷ್ಠೆಯಿಂದ ಅಳಿಸಿಹೋಯಿತು. ವರ್ಷಗಟ್ಟಲೆಯ ಬರಹ ಹೋಯಿತು, ಕಂಪನಿಯೂ ಹೋಯಿತು. ಕನ್ನಡಿ ನಕಲಲ್ಲ. ನಾವು ಎದುರಿನಿಂದ ಸರಿದರೆ ಕನ್ನಡಿಯೂ ಖಾಲಿ.

ಇಂಥ ಅನುಭವಗಳನ್ನೆಲ್ಲ ಒಂದು ಸೂತ್ರಕ್ಕೆ ಇಳಿಸಿದ್ದು ಪೀಟರ್ ಕ್ರೋಗ್ ಅನ್ನುವ ಛಾಯಾಗ್ರಾಹಕ. ಡಿಜಿಟಲ್ ಚಿತ್ರಗಳನ್ನು ಜೋಪಾನ ಮಾಡುವುದರ ಬಗ್ಗೆ ಇವರು 2005ರಲ್ಲಿ ಪುಸ್ತಕ ತಂದವರು. ಸೂತ್ರ ಹೀಗಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ‘3-2-1’ ಅಂತ ಈಗ ಎಲ್ಲರ ಬಾಯಲ್ಲಿ. ಇದನ್ನು ಹೇಳಿದ್ದು ದೊಡ್ಡ ಬ್ಯಾಂಕಿನ ಪರಿಣತರಲ್ಲ, ಚಿತ್ರಗಳನ್ನೇ ನಂಬಿ ಬದುಕುವವರು ಅನ್ನುವುದು ನನಗೆ ಇಷ್ಟವಾದ ಸಂಗತಿ.

2017ರಲ್ಲಿ ಈ ಸೂತ್ರಕ್ಕೂ ಒಂದು ತಿದ್ದುಪಡಿ ಬಂತು. ಮೇ 12ರಂದು ವಾನ್ನಾಕ್ರೈ ಬಂದು, ಕಡತಗಳನ್ನೆಲ್ಲ ಬೀಗ ಹಾಕಿ 300 ಡಾಲರ್ ಕೇಳಿತು. ಜೂನ್ 27ರಂದು ನಾಟ್‌ಪೆಟ್ಯಾ. ಇದು ಹರಡಿದ್ದು ಯುಕ್ರೇನಿನಲ್ಲಿ ತೆರಿಗೆ ಲೆಕ್ಕಕ್ಕೆ ಬಳಸುವ ಎಂ.ಇ.ಡಾಕ್ ಅನ್ನುವ ಸಾಫ್ಟ್‌ವೇರಿನ ಅಪ್‌ಡೇಟ್ ಮೂಲಕ. ಲೆಕ್ಕ ಕಾಯಬೇಕಾದದ್ದೇ ಲೆಕ್ಕ ನುಂಗಿತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಹಡಗಿನ ದೈತ್ಯ ಕಂಪನಿ ಮೇರ್ಸ್ಕ್‌ನಲ್ಲಿ, ಇಡೀ ಜಾಲದ ನಕ್ಷೆಯಂತಿದ್ದ ಸರ್ವರುಗಳು ಒಂದನ್ನೊಂದು ನೋಡಿ ನಕಲು ಮಾಡಿಕೊಳ್ಳುತ್ತಿದ್ದವು. ಎಲ್ಲವೂ ಒಟ್ಟಿಗೇ ಅಳಿಸಿಹೋದವು. ಉಳಿದದ್ದು ಒಂದೇ ಒಂದು, ಘಾನಾ ದೇಶದ ಕಚೇರಿಯಲ್ಲಿದ್ದದ್ದು. ಯಾಕೆ ಗೊತ್ತೇ? ಆ ಹೊತ್ತಿಗೆ ಅಲ್ಲಿ ಕರೆಂಟು ಹೋಗಿತ್ತು!

ಅಲ್ಲಿಂದ ಇಂಟರ್‌ನೆಟ್ಟಿನಲ್ಲಿ ಕಳಿಸಲು ವೇಗ ಸಾಲದು. ಅಲ್ಲಿಯವರಿಗೆ ಬ್ರಿಟನ್ನಿನ ವೀಸಾ ಇಲ್ಲ. ಕೊನೆಗೆ ನೈಜೀರಿಯಾದವರೆಗೆ ಒಬ್ಬರು ಒಯ್ದು, ವಿಮಾನ ನಿಲ್ದಾಣದಲ್ಲಿ ಇನ್ನೊಬ್ಬರ ಕೈಗೆ ಕೊಟ್ಟು, ಅವರು ಇಂಗ್ಲೆಂಡಿಗೆ ತಲುಪಿಸಿದರು. ಷಿಕಾಗೊದ ಗಾಡಿಗೂ ಈ ವಿಮಾನಕ್ಕೂ ಏನು ವ್ಯತ್ಯಾಸ? ಕರೆಂಟು ಹೋದರೆ ಇಲಾಖೆಗೆ ಬೈಯುವ ನಾವು ಇದನ್ನು ಒಮ್ಮೆ ಓದಬೇಕು :) ಪಾಠ ಇಷ್ಟೇ: ಒಂದು ಪ್ರತಿಯಾದರೂ ಯಾವ ತಂತಿಗೂ ಸಿಕ್ಕಿಸದೆ ಇರಬೇಕು. ನಕಲು ಆದಮೇಲೂ ಕಂಪ್ಯೂಟರಿಗೇ ಅಂಟಿಕೊಂಡಿರುವ ಪೆನ್‌ಡ್ರೈವು ವೈರಸ್ಸಿಗೆ ಎರಡನೇ ತುತ್ತು.

‘ಈಗೆಲ್ಲ ಕ್ಲೌಡ್ ಇದೆಯಲ್ಲ’ ಅನ್ನಬಹುದು. ಒಳ್ಳೆಯದೇ. ಆದರೆ ಕ್ಲೌಡ್ ಅಂದರೆ ಮೋಡವಲ್ಲ, ಎಲ್ಲೋ ಇರುವ ಕಟ್ಟಡ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬೂರ್ಗ್‌ನಲ್ಲಿ ಒವಿಎಚ್ ಕಂಪನಿಯ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದು ಒಂದು ಕಟ್ಟಡ ಪೂರ್ತಿ ಹೋಯಿತು. ಲಕ್ಷಗಟ್ಟಲೆ ತಾಣಗಳು ನಿಂತವು. ಬ್ಯಾಕಪ್ಪಿಗೆಂದೇ ಬೇರೆ ದುಡ್ಡು ಕೊಟ್ಟಿದ್ದ ಕೆಲವು ಸಣ್ಣ ಸಂಸ್ಥೆಗಳಿಗೆ ಗೊತ್ತಾದದ್ದೇನೆಂದರೆ, ಬ್ಯಾಕಪ್ ಇದ್ದದ್ದೂ ಅಲ್ಲೇ. ಅಂಥ ಒಂದು ಸಂಸ್ಥೆ ದಾವೆ ಹೂಡಿ, 2023ರಲ್ಲಿ ಲೀಲ್ ನಗರದ ವಾಣಿಜ್ಯ ನ್ಯಾಯಾಲಯದಲ್ಲಿ ಪರಿಹಾರ ಗೆದ್ದಿತು. ನಮ್ಮ ಮಂಡಿಯ ಡಿ ಡ್ರೈವೇ ಫ್ರೆಂಚ್ ಮಾತಾಡಿದ ಹಾಗಿದೆ ಅಲ್ಲವೇ?

ನಮ್ಮ ಭಾಷೆಗೇ ಮೀಸಲಾದ ಇನ್ನೊಂದು ನಷ್ಟವನ್ನು ಹೇಳದೇ ಇರಲಾರೆ. ಊರೂರಿನ ಡಿಟಿಪಿ ಅಂಗಡಿಗಳಲ್ಲಿ ಮದುವೆ ಪತ್ರಿಕೆ, ಕರಪತ್ರ, ಸ್ಮರಣ ಸಂಚಿಕೆ ಎಲ್ಲ ಶ್ರೀಲಿಪಿ, ಬರಹ, ನುಡಿಯ ಹಳೆಯ ಅಕ್ಷರಗಳಲ್ಲಿ ಟೈಪಾಗಿವೆ. ಯುನಿಕೋಡಿನಲ್ಲಿ ಕನ್ನಡ 1991ರಿಂದ ಇದ್ದರೂ ಅಂಗಡಿಗೆ ಬರಲು ಬಹಳ ವರ್ಷ ಹಿಡಿಯಿತು. ಸಿಡಿ ಜೋಪಾನವಾಗಿದೆ, ಕಡತವೂ ತೆರೆಯುತ್ತದೆ, ಆದರೆ ಆ ಫಾಂಟು ಇಲ್ಲದಿದ್ದರೆ ಕಾಣುವುದು ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ನಕಲು ಇದ್ದೂ ಓದಲಾಗದಿದ್ದರೆ ಅದು ನಕಲೇ ಅಲ್ಲ. ಬ್ಯಾಕಪ್ ತೆಗೆದುಕೊಂಡರೆ ಸಾಲದು, ಆಗಾಗ ಬೇರೆ ಕಂಪ್ಯೂಟರಿನಲ್ಲಿ ತೆರೆದೂ ನೋಡಬೇಕು ಅನ್ನುವುದು ಇದಕ್ಕೇ.

2017ರ ಜುಲೈ 1ರಿಂದ ಜಿಎಸ್‌ಟಿ ಬಂದಮೇಲೆ ಸಣ್ಣವರೂ ಲೆಕ್ಕವನ್ನು ಕಂಪ್ಯೂಟರಿಗೆ ಹಾಕಲೇಬೇಕಾಯಿತು. ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ದಿನದಿಂದ 72 ತಿಂಗಳು ದಾಖಲೆ ಇಟ್ಟಿರಬೇಕು ಅನ್ನುತ್ತದೆ ಕಾನೂನು. ಕಂಪನಿಗಳಾದರೆ ಕಂಪ್ಯೂಟರಿನಲ್ಲಿಟ್ಟ ಲೆಕ್ಕವನ್ನು ಪ್ರತಿದಿನ ಬ್ಯಾಕಪ್ ಮಾಡಬೇಕೆಂದು 2022ರಲ್ಲಿ ನಿಯಮವೇ ಬಂತು. ಆದರೆ ಕಾನೂನಿಗೆ ಬೇಕಿರುವುದು ತೆರಿಗೆಯ ಲೆಕ್ಕ. ರಂಗಣ್ಣನ ಉದ್ರಿ ಎಷ್ಟು, ಯಾವ ರೈತನಿಗೆ ಮುಂಗಡ ಎಷ್ಟು ಕೊಟ್ಟಿದೆ ಅನ್ನುವುದು ಯಾವ ಪೋರ್ಟಲ್ಲಿನಲ್ಲೂ ಸಿಗುವುದಿಲ್ಲ. ಅದನ್ನು ಕಾಯಬೇಕಾದವನು ಅಂಗಡಿಯವನೇ.

ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಎರಡು ಪೋರ್ಟಬಲ್ ಡಿಸ್ಕ್ ಸಾಕು. ಇವತ್ತು ಒಂದರಲ್ಲಿ ನಕಲು ಮಾಡಿ ಮನೆಗೆ ಒಯ್ಯುವುದು, ನಾಳೆ ಅದನ್ನು ಮನೆಯಲ್ಲೇ ಬಿಟ್ಟು ಇನ್ನೊಂದರಲ್ಲಿ ನಕಲು ಮಾಡುವುದು. ತಿಂಗಳಿಗೊಂದು ಪ್ರತಿಯನ್ನು ಅಳಿಸದೆ ಹಾಗೇ ಎತ್ತಿಡುವುದು. ಬಾಕಿ ಪಟ್ಟಿಯನ್ನು ತಿಂಗಳ ಕೊನೆಗೆ ಕಾಗದದ ಮೇಲೆ ಒಮ್ಮೆ ಅಚ್ಚು ಹಾಕುವುದು. ಬೇರೆ ಊರಿನಲ್ಲಿ ಮಗಳೋ ಭಾವಮೈದುನನೋ ಇದ್ದರೆ ವರ್ಷಕ್ಕೊಮ್ಮೆ ಹಬ್ಬಕ್ಕೆ ಬಂದಾಗ ಒಂದು ಪ್ರತಿ ಅವರ ಕೈಲಿ ಕಳಿಸುವುದು. ನಾಸ್ಟನ ಗಣಿ ಇಲ್ಲದಿದ್ದರೇನು, ನೆಂಟರ ಮನೆಯ ಬೀರು ಇಲ್ಲವೇ?

ಸ್ನೇಹಿತರೇ, ನಿಮ್ಮ ಮನೆಯವರೋ ನೆಂಟರೋ ಅಂಗಡಿ ನಡೆಸುತ್ತಿದ್ದರೆ ಈ ವಾರ ಒಂದೇ ಪ್ರಶ್ನೆ ಕೇಳಿ: ಎರಡನೇ ಪ್ರತಿ ಎಲ್ಲಿದೆ? ಉತ್ತರ ‘ಇಲ್ಲೇ’ ಅಂತ ಬಂದರೆ ಷಿಕಾಗೊದ ಕಥೆ ಹೇಳಿ. ನಿಮ್ಮ ಕಡೆ ಹಳೆಯ ಕಡತ, ಕಿರ್ದಿ ಪುಸ್ತಕಗಳು ಯಾರ ಮನೆಯ ಅಟ್ಟದಲ್ಲಾದರೂ ಉಳಿದಿದ್ದರೆ, ಅಥವಾ ಮಳೆಗೋ ಗೆದ್ದಲಿಗೋ ಸಿಕ್ಕಿ ಹೋಗಿದ್ದರೆ, ಅದರ ಬಗ್ಗೆ ದಯವಿಟ್ಟು ಬರೆಯಿರಿ. ಓದಲು ಕಾದಿರುತ್ತೇನೆ.